ಬಾಟಲಿ ಮಂಚದ ಹತ್ತಿರ ಬರಲಿ

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಮ್ಮನ ಜೊತೆ ನಾಲ್ಕು ದಿನ ಬೈಸ್ಟ್ಯಾಂಡರ್ ಆಗಿ ಕೂತಿದ್ದೆ. ಗೋಡೆಯಲ್ಲಿ ‘ಕೈ ತೊಳೆಯಿರಿ’ ಪೋಸ್ಟರ್, ಬೇಸಿನ್ ಮಾತ್ರ ವಾರ್ಡಿನ ಆ ತುದಿಯಲ್ಲಿ. ಪ್ರತಿ ರೋಗಿಗೂ ಒಮ್ಮೆ ಅಲ್ಲಿಗೆ ಹೋಗಿ ಬಂದರೆ ಸಿಸ್ಟರ್ ಡ್ಯೂಟಿ ನಡೆಯುವುದರಲ್ಲೇ ಮುಗಿಯುತ್ತದೆ, ಅಲ್ವಾ? ನಮ್ಮ ಹಳೆಯ ಮನೆಗಳಲ್ಲಿ ಕಾಲು ತೊಳೆಯುವ ನೀರು ಜಗಲಿಯ ಮೆಟ್ಟಿಲ ಬಳಿಯೇ ಇರುತ್ತಿತ್ತು, ಹಿತ್ತಲಲ್ಲಿ ಅಲ್ಲ.

ಹಾಗಾಗಿ ವಾರ್ಡ್ ನೋಡಿಕೊಳ್ಳುವವರು ಮೊದಲು ಮಾಡಬೇಕಾದ್ದು ಇದು: ಪ್ರತಿ ಮಂಚದ ಬಳಿ, ಕೈ ಚಾಚಿದರೆ ಸಿಗುವಲ್ಲಿ, ನೀರಿಲ್ಲದೆ ಕೈಗೆ ಉಜ್ಜುವ ಆಲ್ಕೋಹಾಲ್ ದ್ರವದ, ಅಂದರೆ ಹ್ಯಾಂಡ್‌ರಬ್ ಬಾಟಲಿ ಇಡಿ. ಬೈಗುಳ, ಭಾಷಣ ಆಮೇಲೆ. ಜಿನೀವಾದ ಆಸ್ಪತ್ರೆಯಲ್ಲಿ ಮಂಚದ ಬಳಿ ಬಾಟಲಿ, ಪೋಸ್ಟರ್, ಕೈ ತೊಳೆದದ್ದರ ಲೆಕ್ಕ ಎಲ್ಲ ಒಟ್ಟಿಗೆ ನಡೆಸಿದಾಗ ಕೈ ಶುಚಿ ಮಾಡುವ ಪ್ರಮಾಣ 1994ರ ಶೇ. 48ರಿಂದ 1997ರಲ್ಲಿ ಶೇ. 66ಕ್ಕೆ ಏರಿತು.

ಆಮೇಲೆ, ತೊಳೆಯಬೇಕಾದ ಸಂದರ್ಭಗಳಲ್ಲಿ ಎಷ್ಟು ಸಲ ಕೈ ತೊಳೆದರು ಎಂದು ಎಣಿಸಿ. ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬರು ಸುಮ್ನೆ ಕೂತು ಗಮನಿಸಲಿ, ಹೆಸರು ಬರೆಯುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಂದರ್ಭ ಐದು: ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗ್, ಡ್ರಿಪ್‌ನಂಥ ಕೆಲಸಕ್ಕೆ ಮೊದಲು, ರಕ್ತ, ಮೂತ್ರ ತಾಗಿರಬಹುದು ಎನ್ನುವಾಗ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ, ಟೇಬಲ್ ಮುಟ್ಟಿದ ಮೇಲೆ. ‘ಮೇಲೆ’ ತೊಳೆಯುವವರು ಜಾಸ್ತಿ, ‘ಮೊದಲು’ ತೊಳೆಯುವವರು ಕಡಿಮೆ. ಮುಟ್ಟಿದ ಮೇಲೆ ತೊಳೆಯುವುದರಲ್ಲಿ ನಮ್ಮದೇ ಹೆದರಿಕೆ ಇರುತ್ತದಲ್ಲ! ಇನ್ನೊಂದು ವಿಷಯ, ಯಾರೋ ನೋಡುತ್ತಿದ್ದಾರೆ ಎಂದರೆ ಎಲ್ಲರೂ ಚೆನ್ನಾಗಿ ತೊಳೆಯುತ್ತಾರೆ. ಬಂದ ಲೆಕ್ಕವನ್ನು ಸ್ವಲ್ಪ ಇಳಿಸಿಯೇ ನಂಬಿ.

ವಿಧಾನ ಕಷ್ಟದ್ದಲ್ಲ. ಅಂಗೈ ತುಂಬ ಹ್ಯಾಂಡ್‌ರಬ್ ಹಾಕಿ 20ರಿಂದ 30 ಸೆಕೆಂಡ್, ಒಣಗುವವರೆಗೆ ಉಜ್ಜಬೇಕು. ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ. ಕೈಗೆ ಕೊಳೆ ಕಾಣಿಸಿದರೆ, ಅಥವಾ ಕೆಲವು ಬಗೆಯ ಭೇದಿಯ ರೋಗಿಯನ್ನು ನೋಡಿಕೊಂಡಿದ್ದರೆ, ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಆ ಭೇದಿ ತರುವ ರೋಗಾಣುಗಳ ಬೀಜಕಗಳು, ಅಂದರೆ ಅವುಗಳ ಗಟ್ಟಿ ಕವಚದ ರೂಪ, ಆಲ್ಕೋಹಾಲಿಗೆ ಸಾಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಒದ್ದೆ ಬೈರಾಸಿಗೆ ಎಲ್ಲರೂ ಕೈ ಒರೆಸುವುದನ್ನು ನಿಲ್ಲಿಸಿ, ಬೇಸಿನ್ ಬಳಿ ಪೇಪರ್ ಇಡಿ. ಒದ್ದೆ ಕೈಗೆ ಹ್ಯಾಂಡ್‌ರಬ್ ಹಾಕಿದರೆ ಅದರ ಬಲ ಕುಗ್ಗುತ್ತದೆ.

ಉಂಗುರ, ಬಳೆ, ಉದ್ದ ಉಗುರು ಡ್ಯೂಟಿಗೆ ಬೇಡ. ಗ್ಲೌಸ್ ಹಾಕಿದರೂ ಕೈ ಶುಚಿ ಮಾಡಲೇಬೇಕು, ತೆಗೆದ ಮೇಲೂ.

ಚರ್ಮ ಒಡೆಯುತ್ತದೆ ಎಂದು ಸಿಸ್ಟರ್‌ಗಳು ದೂರುವುದು ಸುಳ್ಳಲ್ಲ. ಆದರೆ ಪದೇ ಪದೇ ಸೋಪು ಹಾಕುವುದಕ್ಕಿಂತ ಗ್ಲಿಸರಿನ್ ಇರುವ ಹ್ಯಾಂಡ್‌ರಬ್ ಮೃದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಮಾತ್ರ ಉರಿ ಜಾಸ್ತಿ.

ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರ್ ಮೊದಲು ಬಾಟಲಿ ಒತ್ತಲಿ, ಹಿಂದಿರುವವರು ತಾವಾಗಿಯೇ ಒತ್ತುತ್ತಾರೆ. ವಾರದ ಲೆಕ್ಕವನ್ನು ಸಿಸ್ಟರ್‌ಗಳ ಕೋಣೆಯಲ್ಲಿ ಅಂಟಿಸಿ. ರಾತ್ರಿ ಪಾಳಿಯಲ್ಲಿ ಖಾಲಿ ಬಾಟಲಿ ಬದಲಿಸುವವರು ಯಾರು ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆದುಬಿಡಿ. ನಾನು ಕೂತಿದ್ದ ವಾರ್ಡಿನ ಒಂದೇ ಒಂದು ಬಾಟಲಿ ಎರಡನೇ ರಾತ್ರಿಯಿಂದ ಖಾಲಿಯೇ ಇತ್ತು.