ಹಳೆಯ ಜಾಝ್ ಬೇಸ್‌ಗೆ ಮೂಳೆಯ ನಟ್ ಕೂರಿಸುವ ಬಗೆ

ಫೆಂಡರ್ ಸಂಸ್ಥೆ 1960ರಲ್ಲಿ ಹೊರತಂದ ಜಾಝ್ ಬೇಸ್ ಎಂಬ ನಾಲ್ಕು ತಂತಿಯ ಬೇಸ್ ಗಿಟಾರ್‌ನ ಕತ್ತು ಅದೇ ಸಂಸ್ಥೆಯ ಪ್ರಿಸಿಷನ್ ಬೇಸ್‌ನದಕ್ಕಿಂತ ಕಿರಿದು. ತಂತಿಗಳು ಬಿರಡೆಗಳ ಕಡೆಗೆ ದಾಟುವ ಜಾಗದಲ್ಲಿ ಅದರ ಅಗಲ ಸುಮಾರು 38.1 ಮಿ.ಮೀ. ಅಲ್ಲಿ ಅಡ್ಡಲಾಗಿ ಕುಳಿತಿರುವ ಸಣ್ಣ ತುಂಡೇ ನಟ್. ವೀಣೆಯಲ್ಲಿ ಈ ಕೆಲಸ ಮೇರುವಿನದು. ದಶಕಗಳ ಕಾಲ ತಂತಿ ಉಜ್ಜಿ ಅದರ ಕಚ್ಚುಗಳು ಆಳವಾದಾಗ, ಬೆರಳಿಡದೆ ಮೀಟಿದ ತಂತಿ ಮೊದಲ ಫ್ರೆಟ್‌ಗೆ (ವೀಣೆಯ ಮೆಟ್ಟಿಲಿನಂತೆ ಕತ್ತಿಗೆ ಅಡ್ಡಲಾಗಿರುವ ಲೋಹದ ಪಟ್ಟಿಗೆ) ತಾಗಿ ಝರ್ರೆನ್ನುತ್ತದೆ. ಬೆರಳಿಟ್ಟೊಡನೆ ಆ ಸದ್ದು ನಿಂತರೆ ದೋಷ ಬಹುಮಟ್ಟಿಗೆ ನಟ್‌ನದೇ.

ಅಂಗಡಿಯಲ್ಲಿ ಸಿಗುವ ಸಿದ್ಧ ನಟ್ ಇಂಥ ವಾದ್ಯಕ್ಕೆ ತಿದ್ದದೆ ಕೂರುವುದು ಅಪರೂಪ. ಹಳೆಯ ಫೆಂಡರ್‌ಗಳ ಫಿಂಗರ್‌ಬೋರ್ಡ್, ಅಂದರೆ ಕತ್ತಿನ ಮೇಲೆ ಬೆರಳೂರುವ ಹಲಗೆ, 7.25 ಅಂಗುಲ ತ್ರಿಜ್ಯದ ಕಮಾನಿನಂತೆ ಬಾಗಿರುತ್ತದೆ; ನಟ್ ಕೂರುವ ತೋಡಿನ ತಳವೂ ಎಷ್ಟೋ ವಾದ್ಯಗಳಲ್ಲಿ ಅದೇ ಬಾಗನ್ನು ಅನುಸರಿಸುತ್ತದೆ. ಚಪ್ಪಟೆ ತಳದ ತುಂಡನ್ನು ಅಲ್ಲಿಟ್ಟರೆ ಅದು ನಡುವೆ ಮಾತ್ರ ಊರಿ ಎರಡೂ ಕಡೆ ತೊನೆಯುತ್ತದೆ. ಆಗ ತೋಡನ್ನೇ ಅರದಿಂದ ಉಜ್ಜಿ ಮಟ್ಟ ಮಾಡಿಬಿಡುವ ಆಸೆ ಹುಟ್ಟುತ್ತದೆ. ಅದಕ್ಕೆ ಮಣಿಯಬಾರದು. ಮೂಳೆ ಕೆಟ್ಟರೆ ಇನ್ನೊಂದು ತುಂಡು ಸಿಗುತ್ತದೆ, ಅರವತ್ತು ವರ್ಷದ ಕತ್ತು ಸಿಗುವುದಿಲ್ಲ; ಆದ್ದರಿಂದ ಉಜ್ಜುವುದೆಲ್ಲವೂ ಹೊಸ ತುಂಡನ್ನೇ.

ಮೊದಲು ಕತ್ತಿನ ಬಾಗು ಸರಿಯಿದೆಯೇ ನೋಡಿಕೊಳ್ಳಬೇಕು. ಆ ಕಾಲದ ಫೆಂಡರ್‌ಗಳಲ್ಲಿ ಟ್ರಸ್ ರಾಡ್‌ನ (ಕತ್ತಿನೊಳಗೆ ಉದ್ದಕ್ಕೂ ಹೋಗಿ ಅದರ ಬಾಗನ್ನು ಹತೋಟಿಯಲ್ಲಿಡುವ ಲೋಹದ ಸರಳಿನ) ತಿರುಪು ಕತ್ತು ಒಡಲಿಗೆ ಸೇರುವ ತುದಿಯಲ್ಲಿರುವುದರಿಂದ ಅದನ್ನು ತಿರುಗಿಸಲು ಕತ್ತನ್ನೇ ಬಿಚ್ಚಬೇಕಾಗಬಹುದು. ನಟ್ ಮುಗಿದ ಮೇಲೆ ಇದು ನೆನಪಾದರೆ ತಂತಿಯ ಎತ್ತರವನ್ನೆಲ್ಲ ಹೊಸದಾಗಿ ನೋಡಬೇಕಾಗುತ್ತದೆ. ಬಳಿಕ ತಂತಿಗಳನ್ನು ಸಡಿಲಿಸಿ, ಹಳೆಯ ನಟ್‌ನ ಎರಡೂ ಬದಿಯಲ್ಲಿ ಮತ್ತು ತುದಿಗಳಲ್ಲಿ ಹರಿತವಾದ ಬ್ಲೇಡಿನಿಂದ ಲ್ಯಾಕರ್ ಎಂಬ ಹೊಳಪು ಲೇಪದ ಪದರವನ್ನು ಗೀರಬೇಕು. ಗೀರದೆ ಎಬ್ಬಿಸಿದರೆ ಪದರ ಹಕ್ಕಳೆಯಾಗಿ ಕಿತ್ತುಬರುತ್ತದೆ. ನಂತರ ಗಟ್ಟಿ ಮರದ ಚಿಕ್ಕ ತುಂಡನ್ನು ನಟ್‌ನ ತುದಿಗೆ ಆನಿಸಿ ಮೆಲ್ಲನೆ ತಟ್ಟಿದರೆ ಅದು ಪಕ್ಕಕ್ಕೆ ಜಾರುತ್ತದೆ. ಅಂಟು ಕರಗಿಸಲು ಅಸಿಟೋನ್ ಬಳಸಿದರೆ ಹಳೆಯ ಲ್ಯಾಕರ್ ಕೂಡ ಕರಗುತ್ತದೆ ಎಂಬುದನ್ನು ಮರೆಯಬಾರದು. ತೆಗೆದ ನಟ್ ಎಷ್ಟೇ ಸವೆದಿದ್ದರೂ ಅದನ್ನು ಎಸೆಯದೆ ವಾದ್ಯದ ಪೆಟ್ಟಿಗೆಯಲ್ಲಿಯೇ ಇಡಬೇಕು. ಮುಂದೆ ಕೊಳ್ಳುವವರು ಅದನ್ನು ಕೇಳುತ್ತಾರೆ.

ಮೂಳೆಯ ಹೊಸ ತುಂಡು ತೋಡಿಗಿಂತ ಕೊಂಚ ದಪ್ಪವಿರಲಿ; ತೋಡಿನ ಅಗಲ ಸುಮಾರು 3.2 ಮಿ.ಮೀ. ಇರುತ್ತದೆಯಾದರೂ ನಿಮ್ಮ ವಾದ್ಯದ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದಲೇ ತೆಗೆಯಬೇಕು. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ತುಂಡು ಬೆರಳಿನ ಒತ್ತಡಕ್ಕೆ ಒಳಹೋಗಿ, ಕತ್ತನ್ನು ತಲೆಕೆಳಗು ಮಾಡಿದರೂ ಬೀಳದಷ್ಟು ಬಿಗಿಯಾಗುವವರೆಗೆ ಉಜ್ಜಬೇಕು. ತಳದ ಬಾಗಿಗೆ ಸೀಮೆಸುಣ್ಣ ಸಾಕು: ತೋಡಿಗೆ ತೆಳುವಾಗಿ ಸವರಿ, ತುಂಡನ್ನು ಒತ್ತಿ ತೆಗೆದು, ಸುಣ್ಣ ಅಂಟಿದ ಕಡೆ ಮಾತ್ರ ಅರ ಆಡಿಸುತ್ತ ಹೋದರೆ ಕೊನೆಗೆ ತಳವಿಡೀ ಒಂದೇ ಸಮನೆ ಬಣ್ಣ ಹಿಡಿಯುತ್ತದೆ. ಮೂಳೆ ಬೆಳ್ಳಗಿರುವುದರಿಂದ ಬಣ್ಣದ ಸೀಮೆಸುಣ್ಣವನ್ನೇ ತೆಗೆದುಕೊಳ್ಳುವುದು ಜಾಣತನ; ಈ ಬುದ್ಧಿ ನನಗೆ ಬಂದದ್ದು ಎರಡನೆಯ ನಟ್‌ನ ಹೊತ್ತಿಗೆ. ಮೂಳೆಯ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ವಾಸನೆಯೂ ಅಸಹ್ಯ. ಮುಖಕ್ಕೆ ಮಾಸ್ಕ್ ಕಟ್ಟಿ ಮನೆಯ ಹೊರಗೆ ಕುಳಿತು ಉಜ್ಜಬೇಕು.

ಇನ್ನು ತಂತಿಗಳ ನಡುವಿನ ಅಂತರ. ನಾಲ್ಕು ತಂತಿಗಳ ಕೇಂದ್ರಗಳನ್ನು ಸಮದೂರದಲ್ಲಿ ಗುರುತಿಸಿದರೆ ದಪ್ಪ ತಂತಿಗಳು ಇಕ್ಕಟ್ಟಾಗಿ ಕುಳಿತಂತೆ ಬೆರಳಿಗೆ ಭಾಸವಾಗುತ್ತದೆ. ಸಮವಾಗಿರಬೇಕಾದದ್ದು ತಂತಿಯಂಚಿನಿಂದ ತಂತಿಯಂಚಿಗಿರುವ ಖಾಲಿ ಜಾಗ. ಅಂಗುಲದ ಸಾವಿರದ 45, 65, 85 ಮತ್ತು 105 ಅಂಶದಷ್ಟು ದಪ್ಪದ ತಂತಿಗಳನ್ನು ಹಾಕುವುದಾದರೆ ಅವುಗಳ ಒಟ್ಟು ದಪ್ಪ 7.6 ಮಿ.ಮೀ. ಎರಡೂ ಅಂಚುಗಳಲ್ಲಿ 3.2 ಮಿ.ಮೀ. ಬಿಟ್ಟರೆ 38.1ರಲ್ಲಿ 31.7 ಉಳಿಯುತ್ತದೆ; ಅದರಲ್ಲಿ 7.6 ಕಳೆದು ಮೂರರಿಂದ ಭಾಗಿಸಿದರೆ ಪ್ರತಿ ಎಡೆಗೂ ಸುಮಾರು 8 ಮಿ.ಮೀ. ಸಿಗುತ್ತದೆ. ಲೆಕ್ಕದಂತೆ ಗುರುತು ಹಾಕಿದ ಮೇಲೂ ತೆಳುವಾದ ಗೀರುಗಳನ್ನಷ್ಟೇ ಕೊರೆದು, ತಂತಿಗಳನ್ನು ಅರೆಬಿಗಿಯಲ್ಲಿ ಹಾಕಿ ಕಣ್ಣಿನಿಂದ ಪರೀಕ್ಷಿಸುವುದು ಲೇಸು.

ಆಳದ ಮಿತಿ ತಿಳಿಯಲು ಒಂದು ಪೆನ್ಸಿಲನ್ನು ಉದ್ದಕ್ಕೆ ಸೀಳಿದಂತೆ ಅರ್ಧಕ್ಕೆ ಉಜ್ಜಿ, ಅದರ ಚಪ್ಪಟೆ ಮೈಯನ್ನು ಮೊದಲೆರಡು ಫ್ರೆಟ್‌ಗಳ ಮೇಲಿಟ್ಟು ನಟ್‌ನ ಮುಖದ ಮೇಲೆ ಗೆರೆ ಎಳೆಯಬೇಕು. ಆ ಗೆರೆ ಫ್ರೆಟ್‌ಗಳ ಎತ್ತರವನ್ನು ತೋರಿಸುತ್ತದೆ. ಯಾವ ಕಚ್ಚೂ ಅದನ್ನು ಮುಟ್ಟಬಾರದು. ಕಚ್ಚಿನ ತಳ ದುಂಡಗಿರಬೇಕು, ತಂತಿಗಿಂತ ಕೂದಲೆಳೆಯಷ್ಟು ಅಗಲವಿರಬೇಕು. ನಟ್‌ಗೆಂದೇ ಮಾರುವ ಅರಗಳು ದುಬಾರಿ. ಅಕ್ಕಸಾಲಿಗರು ಬಳಸುವ ಸಣ್ಣ ದುಂಡು ಅರಗಳಿಂದ ಬೇಸ್‌ನ ಕಚ್ಚುಗಳನ್ನು ಚೆನ್ನಾಗಿಯೇ ಕೊರೆಯಬಹುದು. ಅರವನ್ನು ಬಿರಡೆಗಳ ಕಡೆಗೆ ತುಸು ಇಳಿಜಾರಾಗಿ ಹಿಡಿಯಬೇಕು, ಏಕೆಂದರೆ ತಂತಿ ಫಿಂಗರ್‌ಬೋರ್ಡ್ ಕಡೆಯ ಅಂಚಿನಿಂದಲೇ ಹೊರಡಬೇಕು. ಕಚ್ಚು ಮಟ್ಟಸವಾದರೆ ತಂತಿ ಅದರ ತಳವನ್ನು ಸವರುತ್ತ ಕಂಪಿಸಿ ಗುಂಯ್‌ಗುಡುತ್ತದೆ. ತಂಬೂರಿಯ ಕುದುರೆಯ ಮೇಲೆ ನೂಲೆಳೆ ಇಟ್ಟು ನಾವು ಬೇಕೆಂದೇ ಬರಿಸುವ ಝೇಂಕಾರ ಇಲ್ಲಿ ದೋಷವಾಗುತ್ತದೆ.

ಕೊನೆಯ ಹಂತದಲ್ಲಿ ಅವಸರ ಸಲ್ಲದು. ನಾಲ್ಕೈದು ಸಲ ಅರ ಎಳೆದು, ತಂತಿಯನ್ನು ಶ್ರುತಿಗೆ ತಂದು, ಮೂರನೆಯ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳಿಂದ) ಅಳೆಯಬೇಕು. ಎಲ್ಲಕ್ಕಿಂತ ತೆಳುವಾದ ಜಿ ತಂತಿಗೆ 0.15 ಮಿ.ಮೀ., ಎಲ್ಲಕ್ಕಿಂತ ದಪ್ಪನೆಯ ಇ ತಂತಿಗೆ 0.2 ಮಿ.ಮೀ. ಬಂದಲ್ಲಿಗೆ ನಿಲ್ಲಿಸುವುದು ನನ್ನ ರೂಢಿ. ಕಚ್ಚು ಆಳವಾಗಿಬಿಟ್ಟರೆ ಮೂಳೆಯ ಪುಡಿಯನ್ನು ತುಂಬಿ ಒಂದು ಹನಿ ಸೂಪರ್ ಗ್ಲೂ ಹಾಕಿ ಮತ್ತೆ ಕೊರೆಯಬಹುದು, ಆದರೆ ಅದನ್ನು ನಟ್ ಕತ್ತಿನಿಂದ ಹೊರಗಿರುವಾಗಲೇ ಮಾಡಬೇಕು. ತಂತಿ ಅರ್ಧದಷ್ಟು ಹೊರಗೆ ಕಾಣುವಂತೆ ಮೇಲ್ಭಾಗವನ್ನು ಇಳಿಸಿ, ನುಣ್ಣನೆಯ ಕಾಗದದಿಂದ ಹೊಳಪು ಕೊಟ್ಟು, ಹೊಸ ಬಿಳುಪು ಕಣ್ಣಿಗೆ ಹೊಡೆಯುವಂತಿದ್ದರೆ ಒಂದು ರಾತ್ರಿ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಬೇಕು. ಕೂರಿಸುವಾಗ ಮರದ ಅಂಟಿನ ಎರಡು ಸಣ್ಣ ಹನಿಗಳು ಸಾಕು. ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ, ಮುಂದೊಮ್ಮೆ ಇನ್ನೊಬ್ಬರು ಅದನ್ನು ತೆಗೆಯಬೇಕಾದಾಗ ತೋಡಿನ ಮರ ಸೀಳದೆ ಉಳಿಯುತ್ತದೆ.