ಒಂದೇ ಸರ್ವರ್‌ನಲ್ಲಿ ಮೂರು ಸೈಟ್: ರಿವರ್ಸ್ ಪ್ರಾಕ್ಸಿ ಹೀಗೆ ಹೊಂದಿಸಿ

ಭತ್ತದ ಸೀಸನ್‌ನಲ್ಲಿ ಗಂಗಾವತಿಯ ಯಾವುದಾದರೂ ರೈಸ್ ಮಿಲ್ ಗೇಟಿನ ಹತ್ತಿರ ಐದು ನಿಮಿಷ ನಿಂತು ನೋಡಿ. ಲಾರಿ ಬರುತ್ತದೆ, ಗೇಟಿನವನು ಚೀಟಿ ನೋಡುತ್ತಾನೆ, ಯಾವ ಗೋಡೌನಿಗೆ ಹೋಗಬೇಕು ಅಂತ ಕೈ ತೋರಿಸುತ್ತಾನೆ. ಒಳಗೆ ಎಷ್ಟೇ ಗೋಡೌನ್ ಇರಲಿ, ರಸ್ತೆಗೆ ಇರುವುದು ಒಂದೇ ಗೇಟು. ರಿವರ್ಸ್ ಪ್ರಾಕ್ಸಿಯ ಕೆಲಸವೂ ಇದೇ. ಬ್ರೌಸರ್ ತನಗೆ ಯಾವ ಸೈಟ್ ಬೇಕು ಅನ್ನುವುದನ್ನು ‘ಹೋಸ್ಟ್’ ಎಂಬ ಹೆಡರ್‌ನಲ್ಲಿ (ಕೋರಿಕೆಯ ಜೊತೆ ಹೋಗುವ ಮಾಹಿತಿ ಸಾಲು) ಬರೆದು ಕಳಿಸುತ್ತದೆ. ಅದೇ ಚೀಟಿ.

ನಾನು ನೋಡಿಕೊಳ್ಳುವ ಒಂದು ಸಣ್ಣ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಮೂರು ಸೈಟ್ ಇವೆ. ಒಂದು ಮಿಲ್‌ನದು, ಒಂದು ಕಿನ್ನಾಳ ಗೊಂಬೆ ಮಾರುವವರದು, ಇನ್ನೊಂದು ಆನೆಗೊಂದಿಯ ಹೋಮ್‌ಸ್ಟೇದು. ಇಷ್ಟಕ್ಕೆ ಮೂರು ಸರ್ವರ್ ಬಾಡಿಗೆ ಕಟ್ಟುವುದು ಸುಮ್ನೆ ದಂಡ. ಗೇಟಿಗೆ ನಾನು ಇಟ್ಟಿರುವುದು ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ಸಾಫ್ಟ್‌ವೇರ್. ಇಗೋರ್ ಸಿಸೋಯೆವ್ ಇದನ್ನು 2004ರಲ್ಲಿ ಹೊರತಂದಾಗ ಇದ್ದ ಸವಾಲು ಒಂದೇ ಸರ್ವರ್‌ನಲ್ಲಿ ಏಕಕಾಲಕ್ಕೆ 10,000 ಸಂಪರ್ಕ ನಿಭಾಯಿಸುವುದು. ಮೆಮೊರಿ ಕಡಿಮೆ ತಿನ್ನುತ್ತದೆ, ಹಾಗಾಗಿ ನಮ್ಮಂಥ ಸಣ್ಣ ಸರ್ವರ್‌ಗೆ ಸರಿಹೊಂದುತ್ತದೆ.

ಮೊದಲು ಮೂರೂ ಡೊಮೇನ್‌ಗಳ ‘ಎ’ ರೆಕಾರ್ಡ್ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹೇಳುವ ನಮೂದು) ಅನ್ನು ಈ ಸರ್ವರ್‌ನ ಐಪಿ ವಿಳಾಸಕ್ಕೆ ತಿರುಗಿಸಿ. ಆಮೇಲೆ ಮೂರು ಆ್ಯಪ್‌ಗಳನ್ನು 3001, 3002, 3003 ಪೋರ್ಟ್‌ಗಳಲ್ಲಿ (ಗೋಡೌನ್ ನಂಬರ್ ಇದ್ದಂತೆ) ಓಡಿಸಿ. ಅವು 127.0.0.1ರಲ್ಲಿ (ಸರ್ವರ್‌ನ ಒಳಗಿನಿಂದಷ್ಟೇ ತಲುಪುವ ವಿಳಾಸ) ಮಾತ್ರ ಕೇಳಿಸಿಕೊಳ್ಳಬೇಕು, ಇದನ್ನು ದಯವಿಟ್ಟು ಮರೆಯಬೇಡಿ. ಇಲ್ಲವಾದರೆ ಗೇಟು ಬಿಟ್ಟು ಹಿತ್ತಲ ಬಾಗಿಲಿನಿಂದ ಯಾರು ಬೇಕಾದರೂ ನೇರ ಒಳಗೆ ಬರಬಹುದು. ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟಂತೆ ಓಡಿಸುವ ಸಾಧನ) ಬಳಸುವವರು ಇನ್ನೂ ಹುಷಾರಾಗಿರಿ, ಅದು ತೆರೆದ ಪೋರ್ಟ್‌ಗೆ ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಅಡ್ಡ ಬರುವುದಿಲ್ಲ; ಪೋರ್ಟ್ ಬರೆಯುವಾಗಲೇ ಮುಂದೆ 127.0.0.1 ಸೇರಿಸಿ.

ಈಗ ಎಂಜಿನ್‌ಎಕ್ಸ್ ಇನ್‌ಸ್ಟಾಲ್ ಮಾಡಿ. ಉಬುಂಟುವಿನಲ್ಲಿ ‘ಸೈಟ್ಸ್-ಅವೈಲಬಲ್’ ಫೋಲ್ಡರ್ ಸಿಗುತ್ತದೆ, ಅಲ್ಲಿ ಸೈಟ್‌ಗೊಂದು ಫೈಲ್ ಮಾಡಿ. ಎಲ್ಲವನ್ನೂ ಒಂದೇ ಫೈಲ್‌ಗೆ ತುರುಕಿದರೆ ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ. ಪ್ರತಿ ಫೈಲ್‌ನಲ್ಲೂ ಒಂದು ‘ಸರ್ವರ್’ ಬ್ಲಾಕ್ ಇರಲಿ: ‘ಲಿಸನ್’ ಮುಂದೆ 80, ‘ಸರ್ವರ್_ನೇಮ್’ ಮುಂದೆ ಡೊಮೇನ್, ‘ಲೊಕೇಶನ್’ ಒಳಗೆ ‘ಪ್ರಾಕ್ಸಿ_ಪಾಸ್’ ಮುಂದೆ ಆ ಆ್ಯಪ್‌ನ ವಿಳಾಸ ಮತ್ತು ಪೋರ್ಟ್. ಸಾಲಿನ ಕೊನೆಗೆ ಸೆಮಿಕೋಲನ್ ಬೇಕೇ ಬೇಕು. ಈ ಪದಗಳನ್ನೆಲ್ಲ ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಇಷ್ಟಕ್ಕೇ ಸೈಟ್ ತೆರೆಯುತ್ತದೆ, ಜಾಸ್ತಿ ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಆದರೆ ಚೀಟಿ ಗೇಟಿನಲ್ಲೇ ಉಳಿಯಿತು ಅಲ್ವಾ? ಹಿಂದಿರುವ ಆ್ಯಪ್‌ಗೆ ಹೋಸ್ಟ್ ಜಾಗದಲ್ಲಿ 127.0.0.1:3001 ಅಂತ ಹೋಗುತ್ತದೆ, ಬಂದವರೆಲ್ಲ ಒಂದೇ ಐಪಿಯಿಂದ ಬಂದಂತೆ ಕಾಣುತ್ತಾರೆ. ಒಬ್ಬ ಕಿಡಿಗೇಡಿಯನ್ನು ಆ್ಯಪ್ ತಡೆಯಲು ಹೋದರೆ ಎಲ್ಲ ಗಿರಾಕಿಗಳಿಗೂ ಬಾಗಿಲು ಮುಚ್ಚುತ್ತದೆ. ಅದಕ್ಕೇ ‘ಪ್ರಾಕ್ಸಿ_ಸೆಟ್_ಹೆಡರ್’ ಬಳಸಿ ಮೂರನ್ನು ಒಳಗೆ ದಾಟಿಸಿ: ಹೋಸ್ಟ್, ‘ಎಕ್ಸ್-ಫಾರ್ವರ್ಡೆಡ್-ಫಾರ್’ (ಬಂದವರ ಐಪಿ), ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ (ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ). ಕೊನೆಯದು ಇಲ್ಲದಿದ್ದರೆ ಎಚ್‌ಟಿಟಿಪಿಎಸ್ ಹಾಕಿದ ಮೇಲೆ ಕೆಲವು ಆ್ಯಪ್‌ಗಳು ಪುಟವನ್ನು ಸುತ್ತಿಸುತ್ತಲೇ ಇರುತ್ತವೆ.

ನಂತರ ಫೈಲ್‌ಗಳಿಗೆ ‘ಸೈಟ್ಸ್-ಎನೇಬಲ್ಡ್’ನಲ್ಲಿ ಲಿಂಕ್ ಕೊಡಿ, ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ತಪ್ಪಿದೆಯಾ ನೋಡಿ, ಸರಿಯಿದ್ದರೆ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ. ರೀಲೋಡ್ ಆದರೆ ಆಗಲೇ ಸೈಟ್ ನೋಡುತ್ತಿರುವವರ ಸಂಪರ್ಕ ಕಡಿಯುವುದಿಲ್ಲ.

ಎಚ್‌ಟಿಟಿಪಿಎಸ್‌ಗೆ ದುಡ್ಡು ಕೊಡಬೇಕಿಲ್ಲ. ಸರ್ಟ್‌ಬಾಟ್ ಎಂಬ ಸಾಧನ ಮತ್ತು ಅದರ ಎಂಜಿನ್‌ಎಕ್ಸ್ ಪ್ಲಗಿನ್ ಹಾಕಿ ಓಡಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತ ಸರ್ಟಿಫಿಕೇಟ್ ಬರುತ್ತದೆ. ಫೈರ್‌ವಾಲ್‌ನಲ್ಲಿ 80 ಮತ್ತು 443 ಎರಡೂ ತೆರೆದಿರಲಿ. ಸರ್ಟಿಫಿಕೇಟ್ ಮಾಮೂಲಾಗಿ 90 ದಿನ ಬಾಳುತ್ತದೆ, ಹಾಗಾಗಿ ತಾನಾಗಿ ನವೀಕರಣ ಆಗುತ್ತದಾ ಅಂತ ‘ರಿನ್ಯೂ’ ಜೊತೆ ‘ಡ್ರೈ-ರನ್’ ಕೊಟ್ಟು ಅವತ್ತೇ ಪರೀಕ್ಷಿಸಿ.

ಗೊಂಬೆ ಅಂಗಡಿಯ ಸೈಟ್ ಶುರುವಾದ ಮರುದಿನವೇ ಫೋನ್ ಬಂತು: “ಅಣ್ಣಾ, ಫೋಟೋ ಅಪ್‌ಲೋಡ್ ಆಗವಲ್ದ್ರಿ.” ಅರ್ಧ ದಿನ ಆ್ಯಪ್‌ನ ಕೋಡ್ ಹುಡುಕಿದೆ. ಕೊನೆಗೆ ಲಾಗ್‌ನಲ್ಲಿ 413 ಎಂಬ ಎರರ್ ಕೋಡ್ ಕಂಡಿತು. ಎಂಜಿನ್‌ಎಕ್ಸ್ ಮೊದಲಿನಿಂದಲೇ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ, ಮೊಬೈಲ್ ಫೋಟೋ ಅದನ್ನು ಸುಲಭವಾಗಿ ದಾಟುತ್ತದೆ. ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಅನ್ನು 10 ಎಂಬಿ ಮಾಡಿದೆ, ಸರಿಹೋಯಿತು. ಹಾಗೆಯೇ 502 ಕಂಡರೆ ಹಿಂದಿನ ಆ್ಯಪ್ ಮಲಗಿರಬಹುದು ಅಥವಾ ಪೋರ್ಟ್ ನಂಬರ್ ತಪ್ಪಿರಬಹುದು. 504 ಕಂಡರೆ ಆ್ಯಪ್ ಎದ್ದಿದೆ, ಆದರೆ 60 ಸೆಕೆಂಡಿನಲ್ಲಿ ಉತ್ತರ ಕೊಟ್ಟಿಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಉಬುಂಟುವಿನಲ್ಲಿ ಮೊದಲೇ ಬರುವ ‘ಡೀಫಾಲ್ಟ್’ ಫೈಲ್‌ನ ಲಿಂಕ್ ಅನ್ನು ‘ಸೈಟ್ಸ್-ಎನೇಬಲ್ಡ್’ನಿಂದ ತೆಗೆಯಿರಿ. ಆಮೇಲೆ ಯಾವ ಬ್ಲಾಕ್‌ಗೂ ಹೊಂದದ ಹೆಸರು ಬಂದರೆ ಎಂಜಿನ್‌ಎಕ್ಸ್ ಅದನ್ನು ಮೊದಲ ಬ್ಲಾಕ್‌ಗೆ ಕಳಿಸುತ್ತದೆ, ಅಂದರೆ ಬರೀ ಐಪಿ ಟೈಪ್ ಮಾಡಿದವರಿಗೆ ಮಿಲ್‌ನ ಸೈಟೋ ಹೋಮ್‌ಸ್ಟೇಯೋ ಕಾಣುತ್ತದೆ. ‘ಡೀಫಾಲ್ಟ್_ಸರ್ವರ್’ ಅಂತ ಒಂದು ಖಾಲಿ ಬ್ಲಾಕ್ ಮಾಡಿ, ಅದರಲ್ಲಿ ‘ರಿಟರ್ನ್ 444’ ಬರೆಯಿರಿ. ಚೀಟಿ ಇಲ್ಲದವರ ಸಂಪರ್ಕ ಗೇಟಿನಲ್ಲೇ ಮುಗಿಯುತ್ತದೆ.