ಲಾರಿಯ ಪಾಟಾ ಕೆಲಸಕ್ಕೆ ಕೂಲಿಯ ಅಂದಾಜು

ಹುಬ್ಬಳ್ಳಿ-ಧಾರವಾಡದ ಲಾರಿ ಮಾಲೀಕ ಬಂಧುಗಳು ಪಾಟಾ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಕೆಲಸದ ಕೂಲಿಯನ್ನು ಒಂದೇ ಮಾತಿನಲ್ಲಿ ಒಪ್ಪಿಕೊಳ್ಳದೆ, ಬಿಚ್ಚುವುದು, ಹೊಸದಾಗಿ ಹೊಂದಿಸುವುದು, ಕೊನೆಯ ಪರೀಕ್ಷೆ ಇವುಗಳಿಗೆ ಹಿಡಿಯುವ ಗಂಟೆಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಅಂದಾಜು ತಪ್ಪುವುದು ಹೆಚ್ಚಾಗಿ ಬಿಚ್ಚುವಲ್ಲಿಯೇ. ಅಂಕೋಲಾ ಕಡೆಗೆ ಓಡಾಡಿ ಕರಾವಳಿಯ ಉಪ್ಪುಗಾಳಿ ಕುಡಿದ ಗಾಡಿಗಳಲ್ಲಿ ಪಾಟಾವನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟಿನ ನಟ್ಟುಗಳೂ ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಪಿನ್ನುಗಳೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಅವನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಬೇಕಾದರೆ ಒಂದು ಗಂಟೆಯ ಕೆಲಸ ಮೂರು ಗಂಟೆಗೆ ಹೋಗಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿಡುವುದು ನಿಜವಾಗಿಯೂ ಹಣ ಉಳಿಸುತ್ತದೆ.

ಲೆಕ್ಕದ ಸಲುವಾಗಿ ಮಿಸ್ತ್ರಿಗೆ ಗಂಟೆಗೆ 200 ರೂಪಾಯಿ, ಸಹಾಯಕನಿಗೆ 100 ರೂಪಾಯಿ ಎಂದು ಹಿಡಿದರೆ, ಇಬ್ಬರ 7 ಗಂಟೆಯ ಕೂಲಿ 2,100 ರೂಪಾಯಿ ಆಗುತ್ತದೆ. ತುಕ್ಕಿಗಾಗಿ ಕಾಲು ಭಾಗ ಸೇರಿಸಿದರೆ 2,625 ರೂಪಾಯಿ. ಬಿಡಿಭಾಗಗಳು, ಹೊರಗೆ ಮಾಡಿಸುವ ಲೇತ್ ಮತ್ತು ಕುಲುಮೆಯ ಕೆಲಸ ಇದರಲ್ಲಿ ಸೇರಿಲ್ಲ. ಪಕ್ಕಾ ಬಿಲ್ಲಿಗೆ ಜಿಎಸ್‌ಟಿಯನ್ನೂ ಕೂಡಿಸಿಕೊಳ್ಳಿರಿ.

ಬಿಚ್ಚಿದ ಯು-ಬೋಲ್ಟುಗಳನ್ನು ಮತ್ತೆ ಹಾಕಿಸಬೇಡಿರಿ. ಭಾರ ಹೇರಿ ಸ್ವಲ್ಪ ದೂರ ಓಡಿಸಿದ ಮೇಲೆ ಹೊಸ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಲೇಬೇಕಾಗುತ್ತದೆ. ಅದಕ್ಕೆ ಹಿಡಿಯುವ ಅರ್ಧ ಗಂಟೆಯನ್ನೂ ಮೊದಲೇ ಕೂಲಿಯಲ್ಲಿ ಸೇರಿಸಿ ಮಾತನಾಡಿರಿ.

ಹೆಚ್ಚುವರಿ ಪಾಟಾ ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿ ನಮೂದಾದ ಭಾರದ ಮಿತಿ ಹೆಚ್ಚುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ನಿರ್ಬಂಧ ಹಾಕಿರುವುದರಿಂದ, ದೊಡ್ಡ ಬದಲಾವಣೆ ಮಾಡಿಸುವವರು ಕೂಲಿ ಮಾತಾಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿರಿ.